ಅದರ ಹಿಂದಿನ ಸ್ವರ ಕೇಳಿ

ಎಲ್ಲರಿಗೂ ನಮಸ್ಕಾರ. ಕಳೆದ ಸಲ ಇದೇ ಜಾಗದಲ್ಲಿ ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬಗ್ಗೆ ಒಳ್ಳೆಯ ಮಾತು ನಡೆಯಿತು. ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಎದ್ದು, ಮೈಲ್ಸ್ ಸಂಗೀತಗಾರ, ಮೇನಾರ್ಡ್ ಫರ್ಗ್ಯುಸನ್ ಸರ್ಕಸ್‌ನವನು ಅಂದರು. ಮೇನಾರ್ಡ್ ಕೂಡ ಟ್ರಂಪೆಟ್ ವಾದಕನೇ, ತುಂಬ ಎತ್ತರದ ಸ್ವರಗಳಿಗೆ ಹೆಸರಾದವನು. ಆ ಎತ್ತರವೇ ಅವರಿಗೆ ಸರ್ಕಸ್. ಸುಮಾರು ಜನ ತಲೆಯಾಡಿಸಿದ್ದೂ ಕಂಡಿತು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನವೇ ಸಂಘಟಕರಿಗೆ ಫೋನ್ ಮಾಡಿ, ನನಗೂ ಒಂದು ಸಂಜೆ ಕೊಡಿ ಎಂದು ಕೇಳಿದೆ. ಕೊಟ್ಟಿದ್ದಾರೆ. ಅವರಿಗೆ ಋಣಿ.

ಮೈಲ್ಸ್‌ನಿಂದಲೇ ಶುರು ಮಾಡುತ್ತೇನೆ. ಎಳೆಯ ವಯಸ್ಸಿನಲ್ಲಿ ಮೈಲ್ಸ್ ಒಮ್ಮೆ ತನಗಿಂತ ಹಿರಿಯ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಯನ್ನು ಕೇಳಿದನಂತೆ, ನಿನ್ನ ಹಾಗೆ ಮೇಲಕ್ಕೆ ಊದೋದು ನನಗೆ ಯಾಕೆ ಆಗಲ್ಲ ಎಂದು. ಡಿಜ್ಜಿ ಹೇಳಿದ್ದು ಇಷ್ಟು: ನಿನಗೆ ಅಲ್ಲಿ ಮೇಲೆ ಕೇಳಿಸುವುದಿಲ್ಲ, ನಿನಗೆ ಕೇಳಿಸುವುದು ಮಧ್ಯದ ಸ್ಥಾಯಿಯಲ್ಲಿ. ಈ ಮಾತನ್ನು ಎಲ್ಲರೂ ಮೈಲ್ಸ್‌ನ ಪರವಾಗಿ ಬಳಸುತ್ತಾರೆ. ಬಳಸಲಿ, ಅದು ಸರಿಯೇ. ಆದರೆ ಅದೇ ಮಾತಿನ ಇನ್ನೊಂದು ಅರ್ಧ ಇದೆಯಲ್ಲ? ಡಿಜ್ಜಿಗೆ ಅಲ್ಲಿ ಮೇಲೆ ಕೇಳಿಸುತ್ತಿತ್ತು! ಇನ್ನೊಬ್ಬ ಟ್ರಂಪೆಟ್‌ಗಾರ ಕ್ಯಾಟ್ ಆಂಡರ್ಸನ್‌ಗೆ ಕೇಳಿಸುತ್ತಿತ್ತು. ಮೇನಾರ್ಡ್‌ಗೆ ಕೇಳಿಸುತ್ತಿತ್ತು. ಎತ್ತರ ಮೊದಲು ಬರುವುದು ಕಿವಿಗೆ, ತುಟಿಗೆ ಆಮೇಲೆ.

ಹಾಗಾಗಿ ನನ್ನ ಹತ್ತಿರ ಒಂದೇ ಒಂದು ಅಳತೆಗೋಲು ಇದೆ. ಎತ್ತರದ ಸ್ವರ ಬಂದಾಗ ಅದು ಎಷ್ಟು ಎತ್ತರ ಎಂದು ಎಣಿಸಬೇಡಿ. ಅದರ ಹಿಂದಿನ ಸ್ವರ ಕೇಳಿ. ಹಿಂದಿನ ಸ್ವರ ಇದನ್ನು ಕರೆದಿದ್ದರೆ ಅದು ಸಂಗೀತ. ಕರೆಯದೆ ಬಂದಿದ್ದರೆ, ಸುಮ್ನೆ ಸದ್ದು. ಇದನ್ನು ಈ ಸಂಜೆ ಇನ್ನೂ ಕೆಲವು ಸಲ ಹೇಳುತ್ತೇನೆ, ಸಹಿಸಿಕೊಳ್ಳಬೇಕು.

ಸ್ವಲ್ಪ ಲೆಕ್ಕ ನೋಡೋಣ. ನಾವೆಲ್ಲ ಕೇಳುವ ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ, ಅಂದರೆ ಬರೆದ ಸಿ ಸ್ವರವನ್ನು ಊದಿದರೆ ಕೇಳಿಸುವುದು ಬಿ ಫ್ಲ್ಯಾಟ್. ಸುಮಾರು ಒಂದೂವರೆ ಮೀಟರ್ ಕೊಳವೆ, ಬೆರಳಿನಿಂದ ಒತ್ತುವ ಮೂರು ವಾಲ್ವ್, ಅಷ್ಟೇ. ಟ್ರಂಪೆಟ್‌ನವರು ಹೈ ಸಿ ಅನ್ನುವ ಸ್ವರದಲ್ಲಿ ತುಟಿ ಸೆಕೆಂಡಿಗೆ 932 ಸಲ ಕಂಪಿಸುತ್ತದೆ. ಅದಕ್ಕಿಂತ ಒಂದು ಸ್ಥಾಯಿ ಮೇಲಿನ ಡಬಲ್ ಹೈ ಸಿಗೆ ಹೋದರೆ ಅದರ ಎರಡರಷ್ಟು, ಸುಮಾರು 1865 ಸಲ. ಕೆಳಗಿನ ಸ್ಥಾಯಿಯಲ್ಲಿ ವಾಲ್ವ್‌ಗಳನ್ನು ಒಂದೇ ರೀತಿ ಒತ್ತಿ ಊದುವ ಸ್ವರಗಳು ದೂರ ದೂರ ಇರುತ್ತವೆ. ತಪ್ಪಿದರೂ ವಾದ್ಯವೇ ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಮೇಲೆ ಹೋದ ಹಾಗೆ ಅವು ಸಂಜೆಯ ಸಿಟಿ ಬಸ್ಸಿನ ಜನರ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಕೂದಲೆಳೆ ತಪ್ಪಿದರೆ ಪಕ್ಕದ ಸ್ವರ. ಸುಮಾರು 1500 ಹರ್ಟ್ಸ್ ದಾಟಿದ ಮೇಲೆ ಇನ್ನೂ ಕಷ್ಟ. ಬೆಲ್‌ಗೆ, ಅಂದರೆ ವಾದ್ಯದ ಅಗಲ ಬಾಯಿಗೆ, ತಲುಪಿದ ಅಲೆಗಳು ವಾಪಸ್ ಬರುವುದಿಲ್ಲ, ಹಾಗೇ ಹೊರಗೆ ಹೋಗಿಬಿಡುತ್ತವೆ. ಅಂದರೆ ವಾದ್ಯದ ಸಹಾಯ ಅಲ್ಲಿಗೆ ಮುಗಿಯಿತು. ಮುಂದೆ ಉಸಿರು, ತುಟಿ, ಕಿವಿ ಮಾತ್ರ. ಜೋರಾಗಿ ಎತ್ತರಕ್ಕೆ ಊದುವಾಗ ಬಾಯೊಳಗಿನ ಒತ್ತಡ ನಮ್ಮ ಬಿಪಿ ಯಂತ್ರ ತೋರಿಸುವ 120ನ್ನೂ ದಾಟುತ್ತದೆ. ಕಣ್ಣು ಕತ್ತಲೆ ಬಂದು ವೇದಿಕೆಯ ಮೇಲೇ ತೂರಾಡಿದವರಿದ್ದಾರೆ.

ಇಷ್ಟು ಗೊತ್ತಿದ್ದೂ ಒಬ್ಬ ಮನುಷ್ಯ ಪ್ರತಿ ರಾತ್ರಿ ಅಲ್ಲಿಗೆ ಹೋಗುತ್ತಾನೆ ಅಂದರೆ, ಅವನಿಗೆ ಅಲ್ಲಿ ಏನೋ ಕೇಳಿಸಿರಲೇಬೇಕು, ಅಲ್ವಾ?

ಈಗ ನನ್ನ ಪ್ರೀತಿಯ ಕ್ಯಾಟ್ ಆಂಡರ್ಸನ್ ವಿಷಯಕ್ಕೆ ಬರುತ್ತೇನೆ. ವಿಲಿಯಂ ಅಲೊಂಜೊ ಆಂಡರ್ಸನ್. 1916ರಲ್ಲಿ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಲ್ಲಿ ಹುಟ್ಟಿದವನು. ನಾಲ್ಕು ವರ್ಷದ ಮಗುವಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಚಾರ್ಲ್ಸ್‌ಟನ್‌ನ ಜೆಂಕಿನ್ಸ್ ಅನಾಥಾಲಯಕ್ಕೆ ಸೇರಿಸಿದರು. ಆ ಅನಾಥಾಲಯದ ಮಕ್ಕಳ ಬ್ಯಾಂಡ್ ಬೀದಿ ಬೀದಿಯಲ್ಲಿ ನುಡಿಸಿ ದುಡ್ಡು ಕೂಡಿಸುತ್ತಿತ್ತು. ಎಂಥೆಂಥ ವಾದಕರು ಆ ಬ್ಯಾಂಡಿನಿಂದ ಬಂದರು! ಜಗಳಕ್ಕೆ ನಿಂತರೆ ಪರಚಿ ಹೊಡೆದಾಡುತ್ತಿದ್ದನಂತೆ, ಅದಕ್ಕೇ ಜೊತೆಯ ಹುಡುಗರು ಕ್ಯಾಟ್ ಎಂದು ಹೆಸರಿಟ್ಟರು. ಹೆಸರು ಜೀವಮಾನವಿಡೀ ಉಳಿಯಿತು.

1944ರಲ್ಲಿ ಪಿಯಾನೊ ವಾದಕ, ರಚನೆಕಾರ ಡ್ಯೂಕ್ ಎಲಿಂಗ್ಟನ್‌ನ ಜಾಜ್ ತಂಡಕ್ಕೆ ಬಂದ. ಈಗ ಹೇಳುವ ಕಥೆ ಅವನೇ ಹೇಳಿಕೊಂಡಿದ್ದು. ಆಗ ಆ ತಂಡದಲ್ಲಿ ರೆಕ್ಸ್ ಸ್ಟೂವರ್ಟ್ ಇದ್ದ. ಸಣ್ಣ ಆಳಲ್ಲ. ಒಂದು ಹಾಡಿನ ಕೊನೆಯ ಸುತ್ತು ರೆಕ್ಸ್‌ನದ್ದು, ಅದನ್ನು ಮೇಲೆ ಏರಿಸಿ ಮುಗಿಸುವುದು ಅವನ ಹಕ್ಕು. ಒಂದು ದಿನ ಪ್ರದರ್ಶನದ ಹೊತ್ತಾದರೂ ರೆಕ್ಸ್ ಬರಲಿಲ್ಲ. ಡ್ಯೂಕ್ ಟ್ರಂಪೆಟ್ ಸಾಲಿನ ಕಡೆ ತಿರುಗಿ, ಯಾರು ನುಡಿಸುತ್ತೀರಿ ಎಂದು ಕೇಳಿದ. ಆ ಸಾಲಿನಲ್ಲಿ ಕೂತವರು ಹಳಬರು, ಸಂದರ್ಭ ಬಲ್ಲವರು. ರೆಕ್ಸ್‌ನ ಜಾಗಕ್ಕೆ ಯಾರು ಕೈ ಹಾಕುತ್ತಾರೆ? ಕೊನೆಗೆ ಹೊಸಬನ ಕಡೆ ಬೆರಳು ತೋರಿಸಿದರು. ಕ್ಯಾಟ್ ಪ್ರಯತ್ನ ಮಾಡ್ತೀನಿ ಅಂದ. ತನ್ನ ಸರದಿ ಬಂದಾಗ ಮುಂದೆ ನಡೆದು ಬಂದು ನಿಂತ. ರೆಕ್ಸ್ ನುಡಿಸುತ್ತಿದ್ದುದನ್ನೇ ನುಡಿಸಿದ. ಆದರೆ ಪೂರ್ತಿ ಒಂದು ಸ್ಥಾಯಿ ಮೇಲೆ! ಡಬಲ್ ಹೈ ಸಿಯಲ್ಲಿ ಮುಗಿಸಿದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಡ್ಯೂಕ್ ಖುಷಿಯಾಗಿ, ಇನ್ನು ಮೇಲೆ ಇದು ಹೀಗೇ ಇರಲಿ ಅಂದ. ಸರಿಯಾಗಿ ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಯಾರು ಬಂದರು ಹೇಳಿ? ರೆಕ್ಸ್ ಸ್ಟೂವರ್ಟ್! ಆಮೇಲೆ ಹದಿನೈದು ವರ್ಷ ರೆಕ್ಸ್ ತನ್ನ ಜೊತೆ ಮಾತಾಡಲಿಲ್ಲ ಎಂದು ಕ್ಯಾಟ್ ಹೇಳುತ್ತಾನೆ.

ನಗು ಬರುತ್ತದೆ, ಸರಿ. ಆದರೆ ಇದರಲ್ಲಿ ನೋಡಬೇಕಾದ್ದು ಬೇರೆ ಇದೆ. ಸರ್ಕಸ್ ಮಾಡುವವನಾಗಿದ್ದರೆ ಕೊನೆಯ ಒಂದು ಸ್ವರವನ್ನು ಮಾತ್ರ ಮೇಲೆ ಎಸೆದು ಬರುತ್ತಿದ್ದ. ಕ್ಯಾಟ್ ಇಡೀ ಸುತ್ತನ್ನೇ ಮೇಲೆ ಕೇಳಿಸಿಕೊಂಡಿದ್ದ. ಕೊನೆಯ ಸ್ವರಕ್ಕೆ ಮುಂಚಿನ ಪ್ರತಿಯೊಂದು ಸ್ವರವೂ ಅದೇ ಸ್ಥಾಯಿಯಲ್ಲಿ ದಾರಿ ಮಾಡಿಕೊಟ್ಟಿತ್ತು. ನಾನು ಹೇಳುವ ಹಿಂದಿನ ಸ್ವರ ಅಂದರೆ ಇದೇ.

ಇನ್ನೊಂದು ವಿಷಯ ಕೇಳಿ. ಜಾಜ್‌ನಲ್ಲಿ ಅತಿ ಎತ್ತರಕ್ಕೆ ಹೋದವರ ಸಾಲಿನಲ್ಲಿ ಮೊದಲು ನಿಲ್ಲುವ ಈ ಮನುಷ್ಯ ಕಲಿಯುವವರಿಗೆ ಕೊಟ್ಟ ಮುಖ್ಯ ಅಭ್ಯಾಸ ಯಾವುದು? ಪಾಶ್ಚಾತ್ಯ ಸ್ವರಲಿಪಿಯಲ್ಲಿ ಎರಡನೇ ಗೆರೆಯ ಮೇಲೆ ಬರೆಯುವ ಜಿ. ಮಧ್ಯದ ಸಾಧಾರಣ ಸ್ವರ. ಟ್ರಂಪೆಟ್ ಹಿಡಿದ ಮಗು ಮೊದಲ ತಿಂಗಳಲ್ಲೇ ಊದುವ ಸ್ವರ. ಅದನ್ನು ಆದಷ್ಟು ಮೆಲ್ಲಗೆ, ಪಿಸುಮಾತಿನಷ್ಟು ಮೆಲ್ಲಗೆ, 20 ನಿಮಿಷ ಊದಬೇಕು. ಮಧ್ಯೆ ಉಸಿರು ತೆಗೆದುಕೊಳ್ಳಬಹುದು, ಸ್ವರ ಬದಲಿಸುವ ಹಾಗಿಲ್ಲ. ಇಲ್ಲಿ ಟ್ರಂಪೆಟ್ ಕಲಿಯುವ ಮಕ್ಕಳು ಕೆಲವರು ಕೂತಿದ್ದೀರಿ. ಮನೆಗೆ ಹೋಗಿ ಮಾಡಿ ನೋಡಿ. ಐದನೇ ನಿಮಿಷಕ್ಕೆ ತುಟಿ ನಡುಗುತ್ತದೆ. ತಾರಸ್ಥಾಯಿಯ ಬಲ ಜೋರಿನಿಂದ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎಲಿಂಗ್ಟನ್ ಅವನನ್ನು ಹೇಗೆ ಬಳಸಿದ ಎಂಬುದಕ್ಕೆ 1957ರ ಶೇಕ್ಸ್‌ಪಿಯರ್ ಸರಣಿಯನ್ನು ಕೇಳಬೇಕು. ತನ್ನ ಜೊತೆಗಾರ ರಚನೆಕಾರ ಬಿಲ್ಲಿ ಸ್ಟ್ರೇಹಾರ್ನ್ ಜೊತೆ ಸೇರಿ ಮಾಡಿದ್ದು. ಅದರಲ್ಲಿ ಹ್ಯಾಮ್ಲೆಟ್‌ನ ಹುಚ್ಚಿನ ಭಾಗ ಕ್ಯಾಟ್‌ನದ್ದು. ಹ್ಯಾಮ್ಲೆಟ್‌ಗೆ ನಿಜವಾಗಿ ಹುಚ್ಚೋ, ನಾಟಕವೋ ಎಂದು ನಾವು ಕಾಲೇಜಿನಲ್ಲಿ ಪುಟಗಟ್ಟಲೆ ಬರೆದಿದ್ದೇವೆ. ಎಲಿಂಗ್ಟನ್ ಆ ಅನುಮಾನವನ್ನು ಟ್ರಂಪೆಟ್‌ನ ತುದಿಯಲ್ಲಿ ಇಟ್ಟ. ಸ್ವರ ಮೇಲೆ ಮೇಲೆ ಹೋಗಿ, ಇದು ವಾದ್ಯವೋ ಕಿರುಚಾಟವೋ ಎಂದು ತಿಳಿಯದ ಜಾಗಕ್ಕೆ ಬಂದು ಮುಟ್ಟುತ್ತದೆ. ಅಲ್ಲಿ ಬೇರೆ ಯಾವ ಸ್ವರ ಹಾಕಿದರೂ ಹ್ಯಾಮ್ಲೆಟ್ ಬುದ್ಧಿವಂತನಾಗಿ ಉಳಿಯುತ್ತಿದ್ದ. ಇದನ್ನು ಸರ್ಕಸ್ ಅನ್ನುವವರ ಜೊತೆ ಎಷ್ಟು ಹೊತ್ತು ಬೇಕಾದರೂ ವಾದ ಮಾಡಲು ನಾನು ಸಿದ್ಧ.

ಅಂದಹಾಗೆ 1963ರಲ್ಲಿ ಎಲಿಂಗ್ಟನ್ ತಂಡ ಭಾರತಕ್ಕೆ ಬಂದಾಗ ಟ್ರಂಪೆಟ್ ಸಾಲಿನಲ್ಲಿ ಕ್ಯಾಟ್ ಕೂಡ ಇದ್ದ. ಆ ಕಛೇರಿ ಕೇಳಿದ ಹಿರಿಯರು ಯಾರಾದರೂ ಇಲ್ಲಿದ್ದರೆ, ಚಹಾದ ಹೊತ್ತಿನಲ್ಲಿ ದಯವಿಟ್ಟು ನನ್ನನ್ನು ಹಿಡಿದು ನಿಲ್ಲಿಸಿ.

ಈ ಎತ್ತರಕ್ಕೆ ತೆರುವ ಬೆಲೆಯ ಬಗ್ಗೆಯೂ ಹೇಳಬೇಕು. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್ 28ರಂದು ಷಿಕಾಗೊದಲ್ಲಿ ವೆಸ್ಟ್ ಎಂಡ್ ಬ್ಲೂಸ್ ಎಂಬ ಹಾಡನ್ನು ಧ್ವನಿಮುದ್ರಿಸಿದ. ಮೊದಲ ಒಂಟಿ ಭಾಗ ಎಲ್ಲರಿಗೂ ಬಾಯಿಪಾಠ. ನಾನು ಕೇಳಿ ಅನ್ನುವುದು ಕೊನೆಯ ಸುತ್ತನ್ನು. ಒಂದೇ ಒಂದು ಎತ್ತರದ ಸ್ವರವನ್ನು ಹೆಚ್ಚುಕಡಿಮೆ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಹಿಡಿದು ನಿಲ್ಲುತ್ತಾನೆ. ಅಷ್ಟೂ ಹೊತ್ತು ಸ್ವರ ಸಪ್ಪೆಯಾಗುವುದಿಲ್ಲ. ಆಮೇಲೆ ಅಲ್ಲಿಂದ ಜಾರಿ ಜಾರಿ ಇಳಿಯುತ್ತಾನೆ. ಕೆಲವೇ ವರ್ಷಗಳ ನಂತರ ಇದೇ ಲೂಯಿ ಒಂದೇ ಹಾಡಿನಲ್ಲಿ 200ಕ್ಕೂ ಜಾಸ್ತಿ ಹೈ ಸಿ ಊದಿ, ಕೊನೆಗೆ ಹೈ ಎಫ್‌ಗೆ ಹಾರುತ್ತಿದ್ದನೆಂದು ಕೇಳಿದವರು ಬರೆದಿದ್ದಾರೆ. ಜನ ಒಂದೊಂದನ್ನೂ ಎಣಿಸುತ್ತಿದ್ದರಂತೆ. ತುಟಿ ಸೀಳಿತು. ರಕ್ತ ಬಂತು. ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಬಾಯಿಯ ಸುತ್ತಲಿನ ಸ್ನಾಯು ಹರಿಯುವ ತೊಂದರೆಗೆ ವೈದ್ಯರು ಅವನ ಅಡ್ಡಹೆಸರನ್ನೇ ಇಟ್ಟು ಸ್ಯಾಚ್ಮೋ ಸಿಂಡ್ರೋಮ್ ಅನ್ನುತ್ತಾರೆ. ನನಗೆ ಆ 200 ಸಿಗಳ ಮೇಲೆ ಮೋಹವಿಲ್ಲ. 1928ರ ಆ ಒಂದು ಸ್ವರಕ್ಕೆ ಅವೆಲ್ಲವನ್ನೂ ಬಿಟ್ಟುಕೊಡುತ್ತೇನೆ. ನೋಡಿ, ಎತ್ತರವನ್ನು ಮೆಚ್ಚುವವನು ಎಣಿಕೆಯನ್ನು ಮೆಚ್ಚಲೇಬೇಕು ಎಂದೇನಿಲ್ಲ.

ಈಗ ಮೇನಾರ್ಡ್. 1928ರಲ್ಲಿ ಕೆನಡಾದ ಮಾಂಟ್ರಿಯಲ್ ಪಕ್ಕದ ವರ್ಡನ್‌ನಲ್ಲಿ ಹುಟ್ಟಿದ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಅಮೆರಿಕದ ದೊಡ್ಡ ಬ್ಯಾಂಡುಗಳಲ್ಲಿದ್ದ. ಚಾರ್ಲಿ ಬಾರ್ನೆಟ್ ತಂಡದಲ್ಲಿದ್ದಾಗ ಹಾಡುಗಳ ರಚನೆಕಾರ ಜೆರೋಮ್ ಕರ್ನ್‌ನ ಒಂದು ಪ್ರಸಿದ್ಧ ಹಾಡನ್ನು ಎಷ್ಟು ಮೇಲೆ ಊದಿದ ಎಂದರೆ, ಕರ್ನ್‌ನ ಹೆಂಡತಿ ಆಕ್ಷೇಪಿಸಿ, ಕಂಪನಿ ಆ ರೆಕಾರ್ಡನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು. ಗಂಡನ ಹಾಡಿನ ಮೇಲೆ ಆಕೆಗಿದ್ದ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಆ ಧ್ವನಿಮುದ್ರಣ ಸಿಕ್ಕರೆ ಕೇಳಿ. ಹಾಡಿನ ರಾಗದ ನಡೆ ಒಳಗೆ ಹಾಗೇ ಇದೆ. ಇಪ್ಪತ್ತೊಂದರ ಹುಡುಗ ಅದನ್ನು ತನಗೆ ಕೇಳಿಸಿದ ಕಡೆಗೆ ಒಯ್ದಿದ್ದಾನೆ. ಆಮೇಲೆ ಸ್ಟಾನ್ ಕೆಂಟನ್ ತಂಡ. 1950, 51, 52, ಮೂರು ವರ್ಷವೂ ಡೌನ್‌ಬೀಟ್ ಎಂಬ ಜಾಜ್ ಪತ್ರಿಕೆಯ ಓದುಗರು ಅವನನ್ನೇ ಮೊದಲ ಟ್ರಂಪೆಟ್‌ಗಾರ ಎಂದು ಆರಿಸಿದರು.

ನಮಗೆ ಹತ್ತಿರವಾದ ಭಾಗ ಅರವತ್ತರ ದಶಕದ ಕೊನೆಯದು. ಮೇನಾರ್ಡ್ ಹೆಂಡತಿ ಮಕ್ಕಳೊಂದಿಗೆ ಭಾರತಕ್ಕೆ ಬಂದು, ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಮಾಡಿದ. ಬೆಂಗಳೂರಿನಿಂದ ಮೂರು ಗಂಟೆಯ ದಾರಿ! ಮುಂದೆ ಪುಟ್ಟಪರ್ತಿಯ ವಿದ್ಯಾರ್ಥಿಗಳಿಗೂ ಟ್ರಂಪೆಟ್‌ನಂಥ ಬ್ರಾಸ್ ವಾದ್ಯ ಕಲಿಸಲು ಬರುತ್ತಿದ್ದ. ಇಲ್ಲಿನ ಯೋಗದ ಉಸಿರಾಟವನ್ನು ಅವನು ಅಮೆರಿಕದ ಶಾಲೆಗಳ ಹುಡುಗರಿಗೆ ಜೀವನಪೂರ್ತಿ ಹೇಳಿಕೊಟ್ಟ. ಮೊದಲು ಹೊಟ್ಟೆ, ಆಮೇಲೆ ಪಕ್ಕೆಲುಬು, ಕೊನೆಗೆ ಎದೆಯ ಮೇಲ್ಭಾಗ. ಹೀಗೆ ತುಂಬಿದ ಉಸಿರೇ ನನ್ನ ಎತ್ತರ ಎಂಬುದು ಅವನ ನಂಬಿಕೆ. 1977ರಲ್ಲಿ ಒಂದು ಬಾಕ್ಸಿಂಗ್ ಸಿನಿಮಾದ ಹಾಡನ್ನು ನುಡಿಸಿ ಮನೆಮಾತಾದ. ವಿಮರ್ಶಕರು ಮುಖ ಸಿಂಡರಿಸಿದರು. ಅಮೆರಿಕದ ಎಷ್ಟೋ ಊರುಗಳ ಶಾಲೆಯ ಹುಡುಗರು ಅದನ್ನು ಕೇಳಿ ಟ್ರಂಪೆಟ್ ಕೈಗೆತ್ತಿಕೊಂಡರು. ಒಪ್ಪುತ್ತೇನೆ, ಆ ಕಾಲದ ಕೆಲವು ಗ್ರಾಮಫೋನ್ ತಟ್ಟೆಗಳಲ್ಲಿ ಹಿಂದಿನ ಸ್ವರ ಕರೆಯದೇ ಇದ್ದಾಗಲೂ ಅವನು ಮೇಲೆ ಹೋಗಿದ್ದಾನೆ. ಆದರೆ ಒಬ್ಬ ಕಲಾವಿದನನ್ನು ಅವನ ಅತ್ಯಂತ ಸಡಿಲ ಸಂಜೆಗಳಿಂದ ಅಳೆಯುವುದು ನ್ಯಾಯವಲ್ಲ. ಮೈಲ್ಸ್‌ಗೆ ನಾವು ಹಾಗೆ ಮಾಡುತ್ತೇವೆಯೇ?

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಬೇಗ ಬೇಗ ಹೇಳುತ್ತೇನೆ.

ರಾಯ್ ಎಲ್ಡ್ರಿಜ್. ಡಿಜ್ಜಿ ಹುಡುಗನಾಗಿ ನಕಲು ಮಾಡಿದ್ದು ಇವನನ್ನು. ಮೇಲಿನ ಸ್ವರದಲ್ಲಿ ಒಂದು ಗೊಗ್ಗರು, ಒಂದು ಸಿಟ್ಟು. ಆರ್ಟಿ ಷಾ ತಂಡದಲ್ಲಿದ್ದಾಗ ಒಂದು ಸಭಾಂಗಣದ ಹೊರಗೆ ದೊಡ್ಡಕ್ಷರದಲ್ಲಿ ಇವನದೇ ಹೆಸರು, ಬಾಗಿಲಲ್ಲಿದ್ದವನು ಕರಿಯನೆಂದು ಒಳಗೆ ಬಿಡಲಿಲ್ಲ. ಕೊನೆಗೆ ಒಳಗೆ ಹೋಗಿ ಕಣ್ಣೀರು ಹಾಕುತ್ತಲೇ ನುಡಿಸಿದ. ಆ ಗೊಗ್ಗರನ್ನು ಬರೀ ಶೈಲಿ ಎಂದು ಕೇಳಲು ನನ್ನಿಂದ ಆಗುವುದಿಲ್ಲ.

ಲೀಡ್ ಟ್ರಂಪೆಟ್‌ನವರು, ಅಂದರೆ ಬ್ಯಾಂಡಿನ ಟ್ರಂಪೆಟ್ ಸಾಲನ್ನು ಮುನ್ನಡೆಸುವವರು. ಸ್ನೂಕಿ ಯಂಗ್, ಕಾನ್ರಾಡ್ ಗೋಜೊ. ಇವರ ಬಗ್ಗೆ ಅರ್ಧ ಗಂಟೆ ಬೇಕಿತ್ತು. ಸೋಲೊ ಇವರದ್ದಲ್ಲ, ಹೆಸರೂ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದರೆ ಇಡೀ ಬ್ಯಾಂಡ್ ಎಲ್ಲಿ ಉಸಿರು ಬಿಡಬೇಕು, ಸ್ವರ ಎಲ್ಲಿ ಕತ್ತರಿಸಬೇಕು ಎಂಬುದು ಇವರ ತುಟಿಯಲ್ಲಿತ್ತು.

ಬಿಲ್ ಚೇಸ್. ನಾಲ್ಕು ಟ್ರಂಪೆಟ್ ಇಟ್ಟುಕೊಂಡು ರಾಕ್ ತಂಡ ಕಟ್ಟಿದ. 1974ರಲ್ಲಿ ವಿಮಾನ ಅಪಘಾತದಲ್ಲಿ ಹೋದ, ನಲವತ್ತೂ ತುಂಬಿರಲಿಲ್ಲ. ಜಾನ್ ಫ್ಯಾಡಿಸ್, ಡಿಜ್ಜಿಯ ಶಿಷ್ಯ. ಗುರುವಿನ ವಾಕ್ಯಗಳನ್ನೇ ಗುರುವಿಗಿಂತ ಮೇಲೆ, ಅಷ್ಟೇ ಸ್ಪಷ್ಟವಾಗಿ ನುಡಿಸಬಲ್ಲ. ಆರ್ಟುರೊ ಸಾಂಡೊವಲ್, ಕ್ಯೂಬಾದವನು. ಸೈನ್ಯದಲ್ಲಿದ್ದಾಗ ವಾಯ್ಸ್ ಆಫ್ ಅಮೆರಿಕ ರೇಡಿಯೊದಲ್ಲಿ ಜಾಜ್ ಕೇಳಿದ್ದಕ್ಕೆ ಜೈಲಿಗೆ ಹಾಕಿದರು. 1990ರಲ್ಲಿ ಡಿಜ್ಜಿಯ ಜೊತೆ ಪ್ರವಾಸದಲ್ಲಿದ್ದಾಗ ದೇಶ ಬಿಟ್ಟ. ಇವರಿಬ್ಬರನ್ನೂ ಇನ್ನೊಂದು ಸಂಜೆಗೆ ಇಟ್ಟುಕೊಳ್ಳೋಣ, ಸಂಘಟಕರು ಮನಸ್ಸು ಮಾಡಿದರೆ.

ಉಳಿದ ಚೀಟಿಗಳನ್ನು ಮಡಿಸಿಡುತ್ತೇನೆ. ನನ್ನ ಮಾತಿಗಿಂತ ತಟ್ಟೆ ಮುಖ್ಯ. ಎಲಿಂಗ್ಟನ್‌ನ ಹ್ಯಾಮ್ಲೆಟ್ ಭಾಗವನ್ನು ಮೊದಲು ಹಾಕುತ್ತಿದ್ದಾರೆ, ನಾಲ್ಕು ನಿಮಿಷವೂ ಇಲ್ಲ. ಅದಾದ ಮೇಲೆ ಮೇನಾರ್ಡ್‌ನದ್ದು ಒಂದು. ಸೌಂಡ್ ನೋಡಿಕೊಳ್ಳುವವರಿಗೆ ಒಂದು ಕೋರಿಕೆ, ವಾಲ್ಯೂಮ್ ತಗ್ಗಿಸಬೇಡಿ.