ನೂರಕ್ಕೆ 0.47ರ ವಂತಿಗೆ

ನಮಸ್ಕಾರ ಕೇಳುಗರೆ.

ಕೆರೆ ಏರಿ ಬಿರುಕು ಬಿಟ್ಟರೆ ಹಿಂದೆ ಊರವರು ಸೇರಿ ವಂತಿಗೆ ಎತ್ತುತ್ತಿದ್ದರು. ಕೆರೆ ಕೆಳಗೆ ಜಾಸ್ತಿ ಗದ್ದೆ ಇದ್ದವರು ಜಾಸ್ತಿ ಕೊಡಬೇಕು. ಅದನ್ನು ಯಾರೂ ದಾನ ಅನ್ನುತ್ತಿರಲಿಲ್ಲ. ಪೆರು ದೇಶದ ಒಬ್ಬ ರೈತರು ಜರ್ಮನಿಯ ಕಂಪನಿಯನ್ನು ಕೇಳಿದ್ದೂ ಇಂಥದೇ ವಂತಿಗೆ.

ಅವರ ಹೆಸರು ಸೌಲ್ ಲುಸಿಯಾನೊ ಲಿಯೂಯಾ. ಊರು ಆಂಡಿಸ್ ಬೆಟ್ಟಗಳ ನಡುವಿನ ವರಾಸ್. ಬೇಸಾಯದ ಜೊತೆಗೆ ಬೆಟ್ಟ ಹತ್ತುವವರಿಗೆ ದಾರಿ ತೋರಿಸುತ್ತಾರೆ. ಊರಿನ ಮೇಲ್ಗಡೆ, 4,500 ಮೀಟರಿಗೂ ಎತ್ತರದಲ್ಲಿ, ಪಾಲ್ಕಕೋಚಾ ಎಂಬ ಕೆರೆ ಇದೆ. ಹಿಮ ಕರಗಿ ತುಂಬುವ ಕೆರೆ. ಏರಿಯೂ ಯಾರೋ ಕಟ್ಟಿದ್ದಲ್ಲ, ಹಿಮನದಿ ತಳ್ಳಿಕೊಂಡು ಬಂದ ಕಲ್ಲುಮಣ್ಣಿನ ದಿಬ್ಬ. 1941ರ ಡಿಸೆಂಬರಿನಲ್ಲಿ ಅದು ಒಡೆಯಿತು. ಕಡಿಮೆ ಅಂದರೂ 1,800 ಜನ ಸತ್ತರು. ಉಳಿದದ್ದು ಸಣ್ಣ ಕೆರೆ. ಆದರೆ ಬಿಸಿ ಏರಿದ ಹಾಗೆ ಹಿಮ ಹಿಂದಕ್ಕೆ ಸರಿಯಿತು. 1970ರ ದಶಕದಲ್ಲಿ ಇದ್ದ ನೀರು 30 ಪಟ್ಟಿಗೂ ಜಾಸ್ತಿಯಾಯಿತು. ಈಗ ಪೈಪು ಹಾಕಿ ನೀರು ಇಳಿಸುತ್ತಾರೆ, ಕಾವಲೂ ಇಟ್ಟಿದ್ದಾರೆ.

ಇನ್ನು ಕಂಪನಿ. ಆರ್‌ಡಬ್ಲ್ಯುಇ, ಕಲ್ಲಿದ್ದಲು ಸುಟ್ಟು ಕರೆಂಟು ಮಾರಿ ಬೆಳೆದದ್ದು. ಪೆರುವಿನಲ್ಲಿ ಅದರ ಒಂದು ಸ್ಥಾವರವೂ ಇರಲಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವ ಹೊಗೆಗೆ ಗಡಿ ಎಲ್ಲಿದೆ? ಯಾವ ಕಂಪನಿಯಿಂದ ಎಷ್ಟು ಹೊಗೆ ಎಂದು ರಿಚರ್ಡ್ ಹೀಡಿ ಎಂಬ ಅಮೆರಿಕದ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿ ಲೆಕ್ಕ ಹಾಕಿದ್ದರು. ಕೈಗಾರಿಕೆ ಶುರುವಾದಂದಿನಿಂದ ಜಗತ್ತು ಬಿಟ್ಟ ಹೊಗೆಯಲ್ಲಿ ಈ ಕಂಪನಿಯದು ನೂರಕ್ಕೆ 0.47. ಅಂದರೆ 200 ರೂಪಾಯಿಯಲ್ಲಿ ಒಂದು ರೂಪಾಯಿಯೂ ಇಲ್ಲ. ಸೌಲ್ ಕೇಳಿದ್ದೂ ಅಷ್ಟನ್ನೇ. ಕೆರೆ ಭದ್ರ ಮಾಡುವ ಖರ್ಚಿನಲ್ಲಿ ನಿಮ್ಮ ಪಾಲು, ಸುಮಾರು 17,000 ಯೂರೋ, ಕೊಡಿ ಅಂತ 2015ರಲ್ಲಿ ಜರ್ಮನಿಯಲ್ಲೇ ದಾವೆ ಹೂಡಿದರು.

ಆ ಕಂಪನಿಗೆ ಅದು ಚಿಲ್ಲರೆ ಕಾಸು. ಸುಮ್ನೆ ಕೊಟ್ಟು ಮುಗಿಸಬಹುದಿತ್ತು, ಅಲ್ವಾ? ಆದರೆ ಇವರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಲೆಕ್ಕ ಹಿಡಿದು ಬಾಗಿಲಿಗೆ ಬರುತ್ತಾರೆ. ಹತ್ತು ವರ್ಷ ವಕೀಲರಿಗೆ ದುಡ್ಡು ಸುರಿದದ್ದು ಅದಕ್ಕೇ ಅಂತ ನನಗನ್ನಿಸುತ್ತದೆ. ಯಾವುದೋ ಒಂದು ಕಂಪನಿಯನ್ನು ಹಿಡಿದು ಹೊಣೆ ಮಾಡುವುದು ಸರಿಯಲ್ಲ, ಇದನ್ನು ಸರ್ಕಾರಗಳು ಬಗೆಹರಿಸಲಿ ಎಂಬುದು ಅದರ ವಾದ.

ಸೌಲ್ ಕಡೆಯವರು ಹಿಡಿದದ್ದು ಹಳೆಯ ನೆರೆಹೊರೆ ಕಾಯಿದೆ. ಪಕ್ಕದ ಮನೆಯ ಮರದ ಬೇರು ನಿಮ್ಮ ಜಾಗಕ್ಕೆ ನುಗ್ಗಿದರೆ ಬಳಸುವಂಥದ್ದು. 10,000 ಕಿಲೋಮೀಟರಿಗೂ ದೂರದವರು ನೆರೆಯವರಾದಾರೆ? ಮೊದಲ ಕೋರ್ಟು ದಾವೆ ತಳ್ಳಿಹಾಕಿತು. ಹಾಮ್ ಪಟ್ಟಣದ ಮೇಲಿನ ಕೋರ್ಟು ಎತ್ತಿಕೊಂಡಿತು. 2022ರಲ್ಲಿ ನ್ಯಾಯಾಧೀಶರು ಪೆರುವಿಗೇ ಹೋಗಿ ಕೆರೆ ನೋಡಿ ಬಂದರು!

2025ರ ಮೇ 28ರಂದು ತೀರ್ಪು ಬಂತು. ಸೌಲ್ ಸೋತರು. ಮುಂದಿನ 30 ವರ್ಷಗಳಲ್ಲಿ ಅವರ ಮನೆಗೆ ನೀರು ನುಗ್ಗುವ ಸಾಧ್ಯತೆ ನೂರಕ್ಕೆ ಒಂದರಷ್ಟು, ಅದು ಸಾಲದು ಎಂದಿತು ಕೋರ್ಟು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಟ್ಟವರನ್ನು ಹೊಣೆ ಮಾಡಲು ಈ ಕಾಯಿದೆಯಲ್ಲಿ ಅವಕಾಶವಿದೆ, ದೂರ ಎನ್ನುವುದು ನೆಪವಾಗದು ಎಂದು.

ಅದೇ ವರ್ಷ ಅಕ್ಟೋಬರಿನಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರೈತರು ಇದೇ ಕಂಪನಿಗೆ, ಜೊತೆಗೆ ಒಂದು ಸಿಮೆಂಟ್ ಕಂಪನಿಗೆ, ನೋಟಿಸು ಕಳಿಸಿದರು. 2022ರ ನೆರೆಯಲ್ಲಿ ಭತ್ತ, ಗೋಧಿ ಕಳೆದುಕೊಂಡವರು ಅವರು.

ನಮಸ್ಕಾರ.