ಆಳ ಒಂದೇ ಸಾಲದು

ಚಿತ್ರದುರ್ಗದ ಕಡೆ ಡಾರ್ಕ್ ಮ್ಯಾಟರ್ (ಬ್ರಹ್ಮಾಂಡದಲ್ಲಿ ಕಣ್ಣಿಗೆ ಕಾಣದ ದ್ರವ್ಯ) ಮಾತು ತೆಗೆದರೆ ಯಾರಾದರೂ ಕೇಳಿಯೇ ಕೇಳ್ತಾರೆ: ‘ಇಂಗಳದಾಳದ ಹಳೇ ತಾಮ್ರದ ಗಣಿ ಇದೆಯಲ್ರೀ, ಅಲ್ಲೇ ಒಂದು ಡಿಟೆಕ್ಟರ್ ಇಳಿಸಬಾರದಾ?’ ಕೇಳೋದು ತಪ್ಪಲ್ಲ. ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಕೆಳಗೆ ಲ್ಯಾಬ್ ಇದೆ. ಆದರೆ ನಾವು ಆಳದ ಲೆಕ್ಕಕ್ಕೆ ಕೊಡುವಷ್ಟು ಗಮನವನ್ನು ಡಿಟೆಕ್ಟರ್ ಒಳಗಿನ ಟೆಫ್ಲಾನ್‌ಗೆ ಕೊಡಲ್ಲ. ನನ್ನ ತಕರಾರು ಅದು.

ಆಳ ತಡೆಯೋದು ಮ್ಯೂಆನ್‌ಗಳನ್ನ, ಅಂದರೆ ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣಗಳನ್ನ. ಇಟಲಿಯ ಗ್ರಾನ್ ಸಾಸೋ ನೆಲದಡಿ ಲ್ಯಾಬಿನಲ್ಲಿ ಮೇಲೆ 1400 ಮೀಟರ್ ಬಂಡೆ. ಒಂದು ಚದರ ಮೀಟರಿಗೆ ಗಂಟೆಗೆ ಹೆಚ್ಚುಕಮ್ಮಿ ಒಂದೇ ಮ್ಯೂಆನ್. ಸರಿ. ಆದರೆ ಬಂಡೆಯೊಳಗೇ ಯುರೇನಿಯಂ, ಥೋರಿಯಂ ಇವೆ. ಅವುಗಳ ಆಲ್ಫಾ ಕಣ ಹಗುರ ನ್ಯೂಕ್ಲಿಯಸ್‌ಗೆ ಬಡಿದರೆ ನ್ಯೂಟ್ರಾನ್ ಹೊರಬೀಳುತ್ತೆ. ಎಷ್ಟು ಆಳಕ್ಕೆ ಹೋದರೂ ಇದು ಕಮ್ಮಿ ಆಗಲ್ಲ. ಕೋಟೆಯ ಗ್ರಾನೈಟ್‌ಗಿಂತ ಇಂಗಳದಾಳದಂಥ ಹಳೇ ಲಾವಾ ಶಿಲೆಯಲ್ಲಿ ಸಾಮಾನ್ಯವಾಗಿ ಇವು ಕಮ್ಮಿ ಅನ್ನೋದು ನಿಜ, ಆದರೂ ಅಳೆಯದೆ ನಂಬಬಾರದು.

ಗಾಮಾ ಕಿರಣ ಎಲೆಕ್ಟ್ರಾನ್‌ಗೆ ಬಡಿಯುತ್ತೆ, ಗುರುತು ಸಿಗುತ್ತೆ. ನ್ಯೂಟ್ರಾನ್ ಹಾಗಲ್ಲ, ವಿಂಪ್ (ಡಾರ್ಕ್ ಮ್ಯಾಟರ್ ಇದರಿಂದಲೇ ಆಗಿರಬಹುದು ಅಂತ ಊಹಿಸಿದ ಕಣ) ಥರಾನೇ ನೇರ ನ್ಯೂಕ್ಲಿಯಸ್‌ಗೆ ಗುದ್ದುತ್ತೆ. 1 ಎಂಇವಿ ಶಕ್ತಿಯ ನ್ಯೂಟ್ರಾನ್ ಡಿಟೆಕ್ಟರ್‌ನ ಝೆನಾನ್‌ಗೆ ಎದುರಾಎದುರು ಬಡಿದರೆ ಝೆನಾನ್‌ಗೆ ಸಿಗೋದು ಸುಮಾರು 30 ಕೆಇವಿ (ಒಂದು ಎಂಇವಿ ಅಂದರೆ ಸಾವಿರ ಕೆಇವಿ). ವಿಂಪ್ ಹುಡುಕೋದೂ ಅದೇ ಶಕ್ತಿಯ ಆಸುಪಾಸಿನಲ್ಲಿ.

ಬಂಡೆಯ ನ್ಯೂಟ್ರಾನ್‌ಗೆ ನೀರು ಅಥವಾ ಪಾಲಿಥಿನ್ ಮದ್ದು: ಗೋಲಿಗೆ ಸಮತೂಕದ ಗೋಲಿ ಬಡಿದ ಹಾಗೆ, ಹೈಡ್ರೋಜನ್‌ಗೆ ಬಡಿದಾಗ ವೇಗ ಕಳೆಯುತ್ತೆ. ಸೀಸ ಗಾಮಾಕ್ಕೆ ಮಾತ್ರ. ಮ್ಯೂಆನ್ ಸೀಸಕ್ಕೆ ಬಡಿದರೆ ಅಲ್ಲೇ ಹೊಸ ನ್ಯೂಟ್ರಾನ್ ಹುಟ್ಟುತ್ತೆ. ಅದಕ್ಕೇ ಸೀಸದ ಒಳಗೂ ಒಂದು ಪದರ ಪಾಲಿಥಿನ್ ಬೇಕು.

ಕವಚದ ಒಳಗಿನ ಸಾಮಾನಿಗೆ ಏನು ಮಾಡ್ತೀರಿ? ಬೆಳಕು ಪ್ರತಿಫಲಿಸಲು ಟೆಫ್ಲಾನ್ ಹಾಕ್ತಾರೆ, ಅದರ ತುಂಬ ಫ್ಲೋರಿನ್. ಆಲ್ಫಾ ಬಡಿದರೆ ನ್ಯೂಟ್ರಾನ್ ಕೊಡೋದರಲ್ಲಿ ಫ್ಲೋರಿನ್ ಧಾರಾಳಿ. ಜೋಡಿಸುವಾಗ ಗಾಳಿಯಲ್ಲಿರುವ ವಿಕಿರಣಶೀಲ ರೇಡಾನ್ ಅನಿಲದ ಸಂತತಿ ಟೆಫ್ಲಾನ್ ಮೇಲೆ ಕೂತರೆ ವಿಕಿರಣಶೀಲ ಸೀಸ-210 ಉಳಿಯುತ್ತೆ, ಅರ್ಧಾಯುಷ್ಯ 22 ವರ್ಷ. ಅದರಿಂದ ಪೊಲೋನಿಯಂ-210, ಅದರಿಂದ 5.3 ಎಂಇವಿ ಆಲ್ಫಾ. ಒರೆಸಿದರೆ ಪೂರ್ತಿ ಹೋಗಲ್ಲ.

ಜನ ಎಡವೋದು ಈ ಸಾಮಾನಿನ ವಿಕಿರಣದ ಅಳತೆಯಲ್ಲಿ. ಯುರೇನಿಯಂ ಒಂದಾದ ಮೇಲೊಂದು ಧಾತುವಾಗಿ ಕ್ಷಯಿಸುತ್ತಾ ಹೋಗುತ್ತೆ, ಅದೇ ಸರಣಿ. ಜರ್ಮೇನಿಯಂ ಡಿಟೆಕ್ಟರ್ ಚೆನ್ನಾಗಿ ಕಾಣೋದು ಯುರೇನಿಯಂ ಸರಣಿಯ ಕೆಳಗಿನ ಭಾಗ, ಅಂದರೆ ರೇಡಿಯಂ ನಂತರದ್ದು. ಸಂಸ್ಕರಣೆಯಲ್ಲಿ ಸರಣಿ ಮುರಿದಿದ್ದರೆ ಮೇಲಿನ ಯುರೇನಿಯಂ ಬೇರೆಯೇ ಇರುತ್ತೆ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಮೇಲ್ಮೈಯ ಸೀಸ-210 ಎರಡರ ಕಣ್ಣಿಗೂ ಸುಲಭಕ್ಕೆ ಬೀಳಲ್ಲ. ಆಲ್ಫಾ ಕೌಂಟರ್ ಇಡಲೇಬೇಕು. ಮೂರೂ ಇಲ್ಲದ ‘ಶುದ್ಧ’ ಪ್ರಮಾಣಪತ್ರವನ್ನು ನಾನಂತೂ ನಂಬಲ್ಲ.

ಉಳಿದದ್ದಕ್ಕೆ ವೀಟೋ, ಅಂದರೆ ನ್ಯೂಟ್ರಾನ್‌ನ ಗುದ್ದನ್ನು ಗುರುತಿಸಿ ತಳ್ಳಿಹಾಕುವ ಹೊರ ಪದರ. ಅಮೆರಿಕದ ಎಲ್‌ಝಡ್ ಅನ್ನೋ ಝೆನಾನ್ ಡಿಟೆಕ್ಟರ್ ಸುತ್ತ ಗಡೋಲಿನಿಯಂ ಬೆರೆಸಿದ 17 ಟನ್ ದ್ರವ ಸಿಂಟಿಲೇಟರ್ (ವಿಕಿರಣ ಬಡಿದರೆ ಮಿನುಗುವ ದ್ರವ) ಇದೆ. ಗಡೋಲಿನಿಯಂ ನ್ಯೂಟ್ರಾನ್ ನುಂಗಿ ಒಟ್ಟು 8 ಎಂಇವಿಯಷ್ಟು ಗಾಮಾ ಕಕ್ಕುತ್ತೆ, ಅದು ಸಾಕ್ಷಿ. ಡಿಟೆಕ್ಟರ್‌ನಲ್ಲಿ ಗುದ್ದು ಕಂಡ ಮೇಲೆ ಆ ಸಾಕ್ಷಿಗಾಗಿ ಕಾಯುವ ಸಮಯ ಉದ್ದ ಮಾಡಿದಷ್ಟೂ ಹೆಚ್ಚು ನ್ಯೂಟ್ರಾನ್ ಸಿಕ್ಕಿಬೀಳುತ್ತವೆ. ಜೊತೆಗೆ ಸಂಬಂಧವಿಲ್ಲದ ಮಿನುಗುಗಳೂ ಸೇರಿ ಒಳ್ಳೇ ದತ್ತಾಂಶ ಕಸಕ್ಕೆ ಹೋಗುತ್ತೆ. ಆ ಕಾಯುವ ಸಮಯವನ್ನು ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದನ್ನ ಆಳ ಹೇಳಲ್ಲ, ಟೆಫ್ಲಾನ್‌ನ ಆ ಮೂರು ಅಳತೆ ಹೇಳುತ್ತವೆ.