ಹೊಡೆದ ಕೈ ಗದ್ದಕ್ಕೆ ವಾಪಸ್ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಗುವನ್ನು ಬಾಕ್ಸಿಂಗ್‌ಗೆ ಸೇರಿಸೋಣವೇ ಬೇಡವೇ ಎಂದು ಯೋಚಿಸುತ್ತಿರುವ ತಂದೆತಾಯಂದಿರಿಗಾಗಿ ಇವತ್ತಿನ ಮಾತು. ‘ನಮ್ಮ ಹುಡುಗ ಬಲು ಅಂಜುಬುರುಕ, ಇದನ್ನು ಕಲಿತರೆ ಧೈರ್ಯ ಬರುತ್ತದಾ?’ ಎಂದು ಕೇಳುತ್ತೀರಿ. ಬರುತ್ತದೆ. ಎಲ್ಲಿಂದ ಬರುತ್ತದೆ ಎಂದರೆ, ಹೊಡೆದ ಕೈಯನ್ನು ಆ ಕ್ಷಣವೇ ಗದ್ದದ ಪಕ್ಕಕ್ಕೆ ವಾಪಸ್ ತರುವ ಅಭ್ಯಾಸದಿಂದ. ಇದೊಂದು ಮಾತು ನೆನಪಿದ್ದರೆ ಸಾಕು.

ಮೊದಲು ಕೈಗೆ ಪಟ್ಟಿ ಸುತ್ತುವುದು. ದೊಡ್ಡವರಿಗೆ ನಾಲ್ಕೂವರೆ ಮೀಟರ್ ಪಟ್ಟಿ. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಬೆರಳುಗಳನ್ನು ಅಗಲಿಸಿ ಹಿಡಿದು, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು, ಕೊನೆಗೆ ಮತ್ತೆ ಮಣಿಕಟ್ಟಿಗೆ. ಮಕ್ಕಳು ಅವಸರದಲ್ಲಿ ಗೆಣ್ಣಿಗೇ ಎಲ್ಲವನ್ನೂ ಸುತ್ತಿ ಮುಗಿಸುತ್ತಾರೆ. ಅಭ್ಯಾಸಕ್ಕೆ ತೂಗುಹಾಕಿದ ಚೀಲಕ್ಕೆ ಹೊಡೆದಾಗ ಮಣಿಕಟ್ಟು ಮಡಚಿಕೊಂಡು ಉಳುಕುವುದು ಅದಕ್ಕೇ. ಹೆಬ್ಬೆರಳು ಮುಷ್ಟಿಯ ಹೊರಗಿರಬೇಕು. ಏಟು ಬೀಳಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದ. ಕಿರುಬೆರಳಿನ ಗೆಣ್ಣು ತಾಗಿದರೆ ಅದರ ಹಿಂದಿನ ಅಂಗೈ ಮೂಳೆ ಮುರಿಯಬಹುದು.

ಇನ್ನು ನಿಲ್ಲುವ ಬಗೆ. ಬಲಗೈಯವರು ಎಡಗಾಲನ್ನು ಮುಂದಿಡಬೇಕು, ಭುಜದಷ್ಟು ಅಂತರ, ಮಂಡಿ ಸಡಿಲ, ಹಿಂದಿನ ಹಿಮ್ಮಡಿ ತುಸು ಮೇಲಕ್ಕೆ, ಗದ್ದ ಕೆಳಕ್ಕೆ. ಎರಡೂ ಮುಷ್ಟಿ ಗದ್ದದ ಇಕ್ಕೆಲಗಳಲ್ಲಿ. ಎಡಗೈ ನೇರ ಮುಂದಕ್ಕೆ ಹೋಗಬೇಕು, ಮೊಣಕೈ ಪಕ್ಕಕ್ಕೆ ಅರಳಬಾರದು, ಹೊಡೆಯುವಾಗ ಉಸಿರು ಹೊರಗೆ. ಇದೇ ಜ್ಯಾಬ್. ಮೊಣಕೈ ಅರಳುವವರನ್ನು ಎಡಭುಜ ಗೋಡೆಗೆ ತಾಗುವಂತೆ ನಿಲ್ಲಿಸಿ ಹೊಡೆಸಿ, ಗೋಡೆಯೇ ತಿದ್ದುತ್ತದೆ. ಹೋದ ದಾರಿಯಲ್ಲೇ ಕೈ ವಾಪಸ್ ಬರಬೇಕು. ಎಲ್ಲರೂ ಎಡವುವುದು ಇಲ್ಲೇ. ಭುಜ ದಣಿದಿರುತ್ತದೆ, ಏಟು ಬಿತ್ತೋ ಇಲ್ಲವೋ ಎಂದು ನೋಡುವ ಆಸೆ ಬೇರೆ, ಕೈ ಸೊಂಟದ ಕಡೆ ಜಾರುತ್ತದೆ. ಮುಖ ಬಯಲಾಗುತ್ತದೆ.

ಇದಕ್ಕೆ ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಪ್ಯಾಟರ್ಸನ್ ಕಥೆ ಹೇಳಲೇಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ಬಡ ಹುಡುಗ. ತನ್ನನ್ನು ಕಂಡರೆ ತನಗೇ ಆಗದು. ಮನೆಯಲ್ಲಿದ್ದ ಫೋಟೋದಲ್ಲಿ ತನ್ನ ಮುಖದ ಮೇಲೆ ತಾನೇ ಗೀಟು ಹಾಕಿದ್ದ. ಶಾಲೆ ತಪ್ಪಿಸಿ ಕತ್ತಲ ಮೂಲೆಗಳಲ್ಲಿ ಅಡಗುತ್ತಿದ್ದ. ವಿಲ್ಟ್‌ವಿಕ್ ಎಂಬ ವಸತಿಶಾಲೆಗೆ ಕಳಿಸಿದರು, ಮುಂದೆ ಹದಿಹರೆಯದಲ್ಲಿ ಗುರು ಕಸ್ ಡಿ’ಅಮಾಟೊ ಸಿಕ್ಕರು. ಅವರು ಕಲಿಸಿದ್ದು ಎರಡೂ ಮುಷ್ಟಿಗಳನ್ನು ಕೆನ್ನೆಗೆ ಒತ್ತಿ ಹಿಡಿದು, ನಡುವಿನಿಂದ ಇಣುಕಿ ನೋಡುವ ರಕ್ಷಣೆ. ಹುಡುಗ 17ನೇ ವಯಸ್ಸಿಗೆ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. 1956ರಲ್ಲಿ, 21ನೇ ವಯಸ್ಸಿಗೆ, ವಿಶ್ವ ಹೆವಿವೇಟ್, ಅಂದರೆ ಅತಿ ಭಾರದ ವಿಭಾಗದ, ಚಾಂಪಿಯನ್. ಅಲ್ಲಿಯವರೆಗೆ ಅಷ್ಟು ಚಿಕ್ಕವಯಸ್ಸಿನವರು ಯಾರೂ ಆ ಪಟ್ಟ ಗೆದ್ದಿರಲಿಲ್ಲ.

1959ರ ಜೂನ್, ಎದುರಾಳಿ ಸ್ವೀಡನ್ನಿನ ಇಂಗೆಮಾರ್ ಯೋಹಾನ್ಸನ್. ಮೂರನೇ ಸುತ್ತು. ಯೋಹಾನ್ಸನ್ ಎಡಗೈಯನ್ನು ಅಗಲವಾಗಿ ಬೀಸಿದ. ಅದನ್ನು ತಡೆಯಲು ಪ್ಯಾಟರ್ಸನ್ ಬಲಮುಷ್ಟಿಯನ್ನು ಗದ್ದದ ಮುಂದಿನಿಂದ ಸರಿಸಿದ. ಗಮನಿಸಿ, ಕೈ ಗದ್ದ ಬಿಟ್ಟಿತು. ಆ ಸಂದಿಯಲ್ಲೇ ಯೋಹಾನ್ಸನ್‌ನ ಬಲಗೈ ನುಗ್ಗಿತು. ಪ್ಯಾಟರ್ಸನ್ ಎದ್ದ, ಆದರೆ ಎಷ್ಟು ಮಂಕು ಕವಿದಿತ್ತೆಂದರೆ, ಬಿದ್ದವನು ಎದುರಾಳಿ ಎಂದುಕೊಂಡು ಬೆನ್ನು ತಿರುಗಿಸಿ ನಡೆದ. ಆ ಒಂದೇ ಸುತ್ತಿನಲ್ಲಿ ಏಳು ಬಾರಿ ಬಿದ್ದ, ಬಿದ್ದಾಗಲೆಲ್ಲ ಏಳಲು ನೋಡಿದ. ರೆಫರಿ ಪಂದ್ಯ ನಿಲ್ಲಿಸಿದರು. ನಾಚಿಕೆಯಿಂದ ತಿಂಗಳುಗಟ್ಟಲೆ ಜನರಿಗೆ ಮುಖ ತೋರಿಸದೆ ಇದ್ದವನು ಮತ್ತೆ ಅಭ್ಯಾಸಕ್ಕಿಳಿದ. 1960ರ ಜೂನ್‌ನಲ್ಲಿ ಅದೇ ಯೋಹಾನ್ಸನ್‌ನನ್ನು ಐದನೇ ಸುತ್ತಿನಲ್ಲಿ ಎಡಗೈ ಹುಕ್‌ನಿಂದ, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟಿನಿಂದ, ಕೆಡವಿದ. ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ಮರಳಿ ಗೆದ್ದ ಮೊದಲಿಗ ಅವನು. ಆಗ ಏನು ಮಾಡಿದ ಗೊತ್ತೇ? ಪ್ರಜ್ಞೆ ತಪ್ಪಿ ಬಿದ್ದಿದ್ದ ಎದುರಾಳಿಯ ಪಕ್ಕ ಮಂಡಿಯೂರಿ ಕೂತು ಅವನನ್ನು ತಬ್ಬಿ ಹಿಡಿದ. ಯೋಹಾನ್ಸನ್‌ನ ಪಾದ ಅದುರುತ್ತಿತ್ತು. ಫೋಟೋದಲ್ಲಿ ತನ್ನ ಮುಖವನ್ನೇ ಅಳಿಸಿಕೊಂಡಿದ್ದ ಹುಡುಗ ಇವನೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೈ ಗದ್ದದ ಬಳಿ ಇದೆ ಎಂಬ ನಂಬಿಕೆ ಬಂದ ಮಗು ಕಣ್ಣು ಮುಚ್ಚುವುದಿಲ್ಲ. ಬರುವ ಏಟನ್ನು ನೋಡುತ್ತದೆ. ಭಯ ಇಳಿಯುವುದು ಹಾಗೆ. ಅದಕ್ಕೆ ಕನ್ನಡಿ ಮುಂದೆ ಮೂರು ನಿಮಿಷ ಬರೀ ಜ್ಯಾಬ್, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಒಲಿಂಪಿಕ್ ಪಂದ್ಯದ ಅಳತೆಯೂ ಇದೇ. ಪುಟ್ಟ ಮಕ್ಕಳಿಗೆ ಒಂದೊಂದೇ ನಿಮಿಷ ಸಾಕು. ವಾಪಸ್ ಬಂದ ಮುಷ್ಟಿ ಪ್ರತಿ ಸಲವೂ ಕೆನ್ನೆಗೆ ತಾಗಬೇಕು. ಹಗ್ಗದಾಟ, ಅಂದರೆ ಸ್ಕಿಪ್ಪಿಂಗ್, ಆಡಿಸಿ, ನೆಲದಿಂದ ಒಂದು ಅಂಗುಲ ಎದ್ದರೆ ಸಾಕು. ಎತ್ತರಕ್ಕೆ ಹಾರಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಸೇರಿಸುವ ಮೊದಲು ಕೋಚ್ ಅವರನ್ನು ಒಂದು ಮಾತು ಕೇಳಿ: ಎದುರಾಳಿ ಜೊತೆಗಿನ ಅಭ್ಯಾಸ, ಅಂದರೆ ಸ್ಪಾರಿಂಗ್, ಯಾವಾಗ ಶುರು? ಮೊದಲ ವಾರವೇ ಎಂದರೆ ದಯವಿಟ್ಟು ಎದ್ದು ಬನ್ನಿ. ಕೈ ತಾನಾಗಿ ಗದ್ದಕ್ಕೆ ಮರಳದ ಮಗುವನ್ನು ರಿಂಗ್‌ಗೆ ಬಿಡಬಾರದು. ಸ್ಪಾರಿಂಗ್‌ಗೆ ದೊಡ್ಡವರಿಗೆ 14 ಅಥವಾ 16 ಔನ್ಸ್ ಗ್ಲೌಸ್, ಬಾಯಲ್ಲಿ ಮೌತ್‌ಗಾರ್ಡ್ ಇರಲೇಬೇಕು. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ, ಒಳಗೆ ಮೆದುಳು ಅಲುಗಾಡುವುದನ್ನು ತಡೆಯುವುದಿಲ್ಲ. ತಲೆಗೆ ಏಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಕು, ಇವುಗಳಲ್ಲಿ ಒಂದು ಕಂಡರೂ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಅವರು ಸರಿ ಎನ್ನುವವರೆಗೆ ಗ್ಲೌಸ್ ಮುಟ್ಟಿಸಬೇಡಿ. ನಮಸ್ಕಾರ.